ವಿಮಾನ ಚಾಲಕರಿಗೆ ಟ್ಯಾಬ್ಲೆಟ್: ಆಯ್ಕೆಯ ಮಾನದಂಡಗಳು

ನಕ್ಷೆಗಳು, ಕೈಪಿಡಿಗಳು, ನಿಲ್ದಾಣಗಳ ವಿವರಗಳು ತುಂಬಿದ ಭಾರವಾದ ಚೀಲವು ಬಹುಕಾಲ ವಿಮಾನ ಚಾಲಕರ ಸಂಗಾತಿಯಾಗಿತ್ತು. ಅದರ ಸ್ಥಾನಕ್ಕೆ ಬಂದ ಸಾಧನವೇ ‘ಎಲೆಕ್ಟ್ರಾನಿಕ್ ಫ್ಲೈಟ್ ಬ್ಯಾಗ್’. ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು 2013ರಲ್ಲಿ ಸುಮಾರು 16 ಕಿಲೋ ತೂಕದ ಚೀಲಗಳ ಬದಲಿಗೆ ಐಪ್ಯಾಡ್‌ಗಳನ್ನು ಅಳವಡಿಸಿಕೊಂಡಿತು.

ಟ್ಯಾಬ್ಲೆಟ್ ಆರಿಸುವಾಗ ಮೊದಲು ಗಮನಿಸಬೇಕಾದುದು ಸ್ಥಾನ ಸೂಚನೆಯ ಸೌಲಭ್ಯ. ವೈ-ಫೈ ಮಾತ್ರವುಳ್ಳ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಇಲ್ಲ, ಸೆಲ್ಯುಲರ್ ಮಾದರಿಗಳಲ್ಲಿದೆ. ಎರಡನೆಯದು ಗಾತ್ರ. ಪುಟ್ಟ ವಿಮಾನದಲ್ಲಿ ತೊಡೆಯ ಮೇಲೆ ಕಟ್ಟಿಕೊಳ್ಳಲು ಎಂಟು ಅಂಗುಲದ ಪರದೆ ಅನುಕೂಲ. ಹಿರಿದಾದ ಪರದೆಯಲ್ಲಿ ನಕ್ಷೆಯ ಸಣ್ಣ ಅಕ್ಷರಗಳು ಸ್ಪಷ್ಟ. ಮೂರನೆಯದು ಉಷ್ಣತೆ. ಐಪ್ಯಾಡ್ ಬಳಕೆಗೆ ತಯಾರಕರು ಸೂಚಿಸುವ ಮಿತಿ 35 ಡಿಗ್ರಿ ಸೆಲ್ಸಿಯಸ್. ಬಿಸಿಲಿಗೆ ಕಾದ ಕಾಕ್‌ಪಿಟ್‌ನಲ್ಲಿ ಪರದೆ ಮಂಕಾಗಿ, ಸಾಧನವೇ ಸ್ಥಗಿತಗೊಳ್ಳಬಹುದು.

ತಂತ್ರಾಂಶವೂ ಕೈಕೊಡುವುದುಂಟು. 2015ರ ಏಪ್ರಿಲ್‌ನಲ್ಲಿ ನಕ್ಷೆಯ ತಂತ್ರಾಂಶದ ದೋಷದಿಂದ ಅದೇ ಸಂಸ್ಥೆಯ ಹತ್ತಾರು ವಿಮಾನಗಳು ತಡವಾದವು. ಆದುದರಿಂದ ಎಂತಹ ಉತ್ತಮ ಟ್ಯಾಬ್ಲೆಟ್ ಆರಿಸಿದರೂ ಹೊರಡುವ ಮುನ್ನವೇ ಹೊಸ ನಕ್ಷೆಗಳನ್ನು ಅದರಲ್ಲಿ ತುಂಬಿಕೊಂಡಿರಬೇಕು. ಜೊತೆಗೆ ಮತ್ತೊಂದು ಸಾಧನವನ್ನೋ ಮುದ್ರಿತ ನಕ್ಷೆಯನ್ನೋ ಇಟ್ಟುಕೊಳ್ಳುವುದು ಲೇಸು.