ಎಲುಬು ಕೂಡಿಸುವ ವಿದ್ಯೆ: ದಬ್ಬೆಯಿಂದ ಸಲಾಕೆಯವರೆಗೆ

ಬೀದರ್ ಜಿಲ್ಲೆಯ ಬಸವಕಲ್ಯಾಣ–ಹುಮನಾಬಾದ್ ಸೀಮೆಯ ದುಬಲಗುಂಡಿಯಂಥ ಊರುಗಳಿಗೆ ಎಲುಬು ಮುರಿಯುವುದು ಹೊಸ ಸಂಗತಿಯಲ್ಲ. ಮರದಿಂದ ಬೀಳುವುದು, ಬಂಡಿ ಮಗುಚುವುದು, ಕುಸ್ತಿಯಲ್ಲಿ ಕೀಲು ತಪ್ಪುವುದು ಹಳ್ಳಿಯ ಬದುಕಿನ ಜೊತೆಗೇ ಬಂದ ಪೆಟ್ಟುಗಳು. ಇದೇ ಸೀಮೆಯ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಆಹಾರ, ಕಸರತ್ತು, ಕಾಳಗಗಳಿಗೇ ಒಂದು ಭಾಗ ಮೀಸಲಾಗಿದೆ. ಗರಡಿ ಇದ್ದಲ್ಲಿ ಎಲುಬು ಕೂಡಿಸುವವರೂ ಬೇಕಲ್ಲವೇ?

ಆ ವಿದ್ಯೆಯ ಶಾಸ್ತ್ರ ಸೋಮೇಶ್ವರನ ಕಾಲಕ್ಕಿಂತ ಬಹಳ ಹಳೆಯದು. ಸುಶ್ರುತ ಸಂಹಿತೆಯು ಎಲುಬಿನ ಮುರಿತವನ್ನು 12 ಬಗೆಯಾಗಿ, ಕೀಲು ತಪ್ಪುವುದನ್ನು 6 ಬಗೆಯಾಗಿ ವಿಂಗಡಿಸುತ್ತದೆ. ಮುರಿದ ಅಂಗವನ್ನು ಎಳೆದು, ಒತ್ತಿ, ಸರಿಯಾದ ಸ್ಥಾನಕ್ಕೆ ತಂದು, ಆಲ, ಅರಳಿ, ಅತ್ತಿ ಮರಗಳ ತೊಗಟೆಯನ್ನೋ ಬಿದಿರಿನ ದಬ್ಬೆಯನ್ನೋ ಇಟ್ಟು ಕಟ್ಟಬೇಕು. ಕಾಲು ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ, ಅಲುಗದಂತೆ ಗೂಟಗಳನ್ನು ನೆಟ್ಟು ನಿಲ್ಲಿಸಬೇಕು. ಕಟ್ಟನ್ನು ಚಳಿಗಾಲದಲ್ಲಿ 7 ದಿನಕ್ಕೊಮ್ಮೆ, ಬೇಸಿಗೆಯಲ್ಲಿ 3 ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕು. ಕಟ್ಟು ಸಡಿಲವಾದರೆ ಕೀಲು ನಿಲ್ಲದು. ಬಿಗಿಯಾದರೆ ಬಾವು, ನೋವು, ಕೀವು ತಪ್ಪದು.

ಈ ಕೊನೆಯ ಎಚ್ಚರಿಕೆಯೇ ಎಲ್ಲಕ್ಕಿಂತ ಮುಖ್ಯ. ಬಿಗಿಕಟ್ಟಿನಿಂದ ರಕ್ತ ಸಂಚಾರ ನಿಂತು, ಕೆಲವೇ ಗಂಟೆಗಳಲ್ಲಿ ಸ್ನಾಯುಗಳು ಸತ್ತು, ಕೈ ಪಂಜದಂತೆ ಮುದುಡಿಹೋಗುವ ಸ್ಥಿತಿಯನ್ನು ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮನ್ 1881ರಲ್ಲಿ ವಿವರಿಸಿದ. ಇಂದಿಗೂ ಅದಕ್ಕೆ ಆತನದೇ ಹೆಸರು.

ಯುರೋಪಿನಲ್ಲೂ ವಿದ್ಯೆ ಮೊದಲು ಕಟ್ಟಿನ ದಾರಿಯಲ್ಲೇ ಬೆಳೆಯಿತು. ಡಚ್ ಸೇನಾ ವೈದ್ಯ ಮಥೈಸೆನ್ 1850ರ ದಶಕದ ಆರಂಭದಲ್ಲಿ ಪ್ಲಾಸ್ಟರ್ ಪಟ್ಟಿಯನ್ನು ಬಳಕೆಗೆ ತಂದ. ಲಿವರ್‌ಪೂಲಿನ ವೈದ್ಯ ಹ್ಯೂ ಓವೆನ್ ಥಾಮಸ್ ಹುಟ್ಟಿದ್ದೇ ಎಲುಬು ಕೂಡಿಸುವ ನಾಟಿ ಮನೆತನದಲ್ಲಿ. ಆತ ರೂಪಿಸಿದ ಕಾಲಿನ ಚೌಕಟ್ಟು ಮೊದಲ ಮಹಾಯುದ್ಧದಲ್ಲಿ ತೊಡೆಯೆಲುಬು ಮುರಿದ ಅನೇಕ ಸೈನಿಕರ ಪ್ರಾಣ ಉಳಿಸಿತು. 1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಕ್ಷಕಿರಣ ಮಾಂಸದೊಳಗಿನ ಮುರಿತವನ್ನು ಕಣ್ಣಿಗೆ ತೋರಿಸಿತು. 1939ರಲ್ಲಿ ಜರ್ಮನಿಯ ಕ್ಯುಂಚರ್ ತೊಡೆಯೆಲುಬಿನ ಪೊಳ್ಳಿಗೆ ಉಕ್ಕಿನ ಸಲಾಕೆ ತೂರಿಸಿದ. ತಿಂಗಳುಗಟ್ಟಲೆ ಮಲಗಬೇಕಿದ್ದ ರೋಗಿ ಬೇಗ ಎದ್ದು ನಡೆಯುವಂತಾಯಿತು.

ಹಾಗೆಂದು ಕಟ್ಟಿನ ಕಾಲ ಮುಗಿಯಲಿಲ್ಲ. ಮಕ್ಕಳ ಮುಂಗೈ ಮುರಿತಕ್ಕೆ ಇಂದಿಗೂ ಹೆಚ್ಚಾಗಿ ಪ್ಲಾಸ್ಟರೇ ಸಾಕು. ದೊಡ್ಡವರ ತೊಡೆಯೆಲುಬು, ವೃದ್ಧರ ಸೊಂಟದ ಕೀಲಿನ ಬಳಿಯ ಮುರಿತ, ಕೀಲಿನೊಳಗೆ ಸರಿದ ಚೂರುಗಳಿಗೆ ಸಾಮಾನ್ಯವಾಗಿ ಶಸ್ತ್ರಕ್ರಿಯೆ ಬೇಕು. ಚರ್ಮ ಹರಿದು ಎಲುಬು ಹೊರಬಂದಿದ್ದರೆ ಗಾಯವನ್ನು ಶುದ್ಧಗೊಳಿಸುವುದೇ ಮೊದಲ ಕೆಲಸ. ಅಲ್ಲಿ ಬರೀ ದಬ್ಬೆ ಅಪಾಯಕಾರಿ.

ಎರಡೂ ದಾರಿಗಳ ಗುರಿ ಒಂದೇ: ನೇರವಾಗಿ ಕೂಡಿಸು, ಅಲುಗದಂತೆ ಹಿಡಿ, ರಕ್ತ ಹರಿಯಲು ಬಿಡು. ಎಲುಬನ್ನು ಬೆಸೆಯುವುದು ದೇಹವೇ. ಕಟ್ಟು ಯಾರದೇ ಇರಲಿ, ಬೆರಳು ತಣ್ಣಗಾಗಿ ಬಣ್ಣಗೆಟ್ಟರೆ, ಜೋಮು ಹಿಡಿದರೆ, ನೋವು ಏರುತ್ತಲೇ ಹೋದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಕೈ ಉಳಿಯುವುದೂ ಹೋಗುವುದೂ ಆ ಕೆಲವು ಗಂಟೆಗಳಲ್ಲೇ.