ಬಣ್ಣದ ಫಿಲ್ಮು ಕೈಗೆ ಬರುವ ಮೊದಲೇ ಹೋದ ಬಣ್ಣ

ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಹಳೆಯ ಟ್ರಾಮುಗಳ ಬಣ್ಣದ ಚಿತ್ರಗಳಿಗೆ ಇಂದು ಬರವಿಲ್ಲ. ಅವುಗಳಲ್ಲಿ ಹೆಚ್ಚಿನವು 1950ರ ದಶಕದವು, ಇಲ್ಲವೇ ಟ್ರಾಮಿನ ಕಡೆಯ ದಿನಗಳವು. 1962ರ ಸೆಪ್ಟೆಂಬರ್ 4ರಂದು 20 ಟ್ರಾಮುಗಳ ಮೆರವಣಿಗೆ ಮಾಡಿ ಊರು ಅವನ್ನು ಬೀಳ್ಕೊಟ್ಟಿತು. ನೋಡಲು ಬೀದಿಯಲ್ಲಿ ನೆರೆದವರು ಸುಮಾರು 2.5 ಲಕ್ಷ ಮಂದಿ. ಕಿತ್ತಳೆ, ಹಸಿರು, ಕೆನೆಬಣ್ಣದ ಆ ಎರಡಂತಸ್ತಿನ ಗಾಡಿಗಳನ್ನು ಚಿತ್ರದಲ್ಲಿ ಕಂಡವರಿಗೆ, ಕಳೆದುಹೋದ ಊರು ಇಡಿಯಾಗಿ ಮರಳಿ ಸಿಕ್ಕಿತು ಅನ್ನಿಸುವುದು ಸಹಜ. ಆದರೆ ಆ ಟ್ರಾಮುಗಳ ಮೇಲಿನ ಬಣ್ಣಕ್ಕೆ ಒಂದು ಕೆಲಸವಿದ್ದ ಕಾಲವನ್ನು ಈ ಚಿತ್ರಗಳು ಹೆಚ್ಚುಕಡಿಮೆ ಕಂಡೇ ಇಲ್ಲ.

ಗ್ಲಾಸ್ಗೊದಲ್ಲಿ ಕುದುರೆ ಎಳೆಯುವ ಟ್ರಾಮು ಬಂದದ್ದು 1872ರಲ್ಲಿ. 1894ರಲ್ಲಿ ನಗರಾಡಳಿತ ಅದನ್ನು ತಾನೇ ನಡೆಸತೊಡಗಿತು, 1898ರಲ್ಲಿ ವಿದ್ಯುತ್ ಟ್ರಾಮು ಓಡಿತು. ಆಗ ಮಾರ್ಗಗಳಿಗೆ ಸಂಖ್ಯೆ ಇರಲಿಲ್ಲ. ಕೆಳಗಿನ ಅಂತಸ್ತಿನ ಕಿಟಕಿಗಳಿಗೂ ಮೇಲಿನ ಅಂತಸ್ತಿನ ಕಿಟಕಿಗಳಿಗೂ ನಡುವೆ ಗಾಡಿಯ ಸುತ್ತ ಅಗಲವಾದ ಒಂದು ಪಟ್ಟಿ. ಮಾರ್ಗಕ್ಕೆ ತಕ್ಕಂತೆ ಅದಕ್ಕೆ ಕೆಂಪು, ಹಳದಿ, ನೀಲಿ, ಹಸಿರು ಅಥವಾ ಬಿಳಿ ಬಣ್ಣ. ಒಂದೇ ಬಣ್ಣವನ್ನು ಹಲವು ಮಾರ್ಗಗಳು ಹಂಚಿಕೊಂಡಿದ್ದರಿಂದ ಹತ್ತಿರ ಬಂದ ಮೇಲೆ ಗಾಡಿ ಹೋಗುವ ಜಾಗದ ಹೆಸರಿನ ಫಲಕವನ್ನೂ ನೋಡಬೇಕಿತ್ತು, ನಿಜ. ಆದರೂ ಓದು ಬಾರದವರಿಗೆ, ಕಣ್ಣು ಮಂಜಾದವರಿಗೆ, ಕಲ್ಲಿದ್ದಲ ಹೊಗೆ ಬೆರೆತ ಮಂಜಿನಲ್ಲಿ ನಿಂತವರಿಗೆ ದೂರದಿಂದಲೇ ಮೊದಲ ಸುಳಿವು ಕೊಡುತ್ತಿದ್ದುದು ಆ ಪಟ್ಟಿ. 1938ರಲ್ಲಿ ಸಂಖ್ಯೆಗಳು ಬಂದವು; ಪಟ್ಟಿಗಳು ಒಂದೊಂದಾಗಿ ಹಸಿರಿಗೆ ತಿರುಗುತ್ತ ಹೋದವು. ಕೊಡಾಕ್ರೋಮ್ ಎಂಬ ಬಣ್ಣದ ಫಿಲ್ಮು ಮಾರುಕಟ್ಟೆಗೆ ಬಂದದ್ದು 1935ರಲ್ಲಿ, ಅದು ಹವ್ಯಾಸಿಗಳ ಕೈಗೆ ಸಲೀಸಾಗಿ ಸಿಕ್ಕಿದ್ದು ಎರಡನೇ ಮಹಾಯುದ್ಧ ಮುಗಿದು ಎಷ್ಟೋ ವರ್ಷಗಳ ನಂತರ. ಕ್ಯಾಮೆರಾಕ್ಕೆ ಬಣ್ಣ ಕಾಣತೊಡಗಿದ ಹೊತ್ತಿಗೆ ಬೀದಿಯ ಟ್ರಾಮುಗಳೆಲ್ಲ ಬಹುಮಟ್ಟಿಗೆ ಒಂದೇ ಬಣ್ಣಕ್ಕೆ ಬಂದಾಗಿತ್ತು.

ಇನ್ನೊಂದು ಕೊರತೆಯೂ ಇದೆ, ಅದರ ಕಡೆಗೆ ಗಮನ ಹೋಗುವುದು ಕಡಿಮೆ. ಮೊದಲಿನ ಕೊಡಾಕ್ರೋಮ್ ತೀರಾ ನಿಧಾನದ ಫಿಲ್ಮು. ಅದರ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಚುರುಕು, ಬರೀ 10 ಎಎಸ್‌ಎ. ವೇಗ 25ಕ್ಕೆ ಏರಿದ್ದು 1961ರಲ್ಲಿ, ಟ್ರಾಮುಗಳಿಗೆ ಒಂದೇ ವರ್ಷದ ಆಯುಸ್ಸು ಉಳಿದಿದ್ದಾಗ. ಓಡುವ ಗಾಡಿಯನ್ನು ಅಂಥ ಫಿಲ್ಮಿನಲ್ಲಿ ಹಿಡಿಯಬೇಕಾದರೆ ಒಳ್ಳೆಯ ಬಿಸಿಲು ಬೇಕು. ಹಾಗಾಗಿ ಮಳೆಗೂ ಹೊಗೆಗೂ ಹೆಸರಾದ ಊರು ಬಣ್ಣದ ಚಿತ್ರಗಳಲ್ಲಿ ಮತ್ತೆಮತ್ತೆ ಬಿಸಿಲಿನ ಊರಾಗಿ ಕಾಣುತ್ತದೆ. ಯಾವ ಮಬ್ಬಿನಲ್ಲಿ ಆ ಪಟ್ಟಿ ಜನರ ಕೈಹಿಡಿಯುತ್ತಿತ್ತೋ ಆ ಮಬ್ಬೇ ಈ ಫಿಲ್ಮಿಗೆ ದಕ್ಕಲಿಲ್ಲ.

ಇದಕ್ಕೆ ಆಕ್ಷೇಪ ಬರುತ್ತದೆ. ಯಾವ ಮಾರ್ಗಕ್ಕೆ ಯಾವ ಬಣ್ಣ ಎಂಬುದಕ್ಕೆ ದಾಖಲೆ ಇದೆ, ವಸ್ತುಸಂಗ್ರಹಾಲಯಗಳಲ್ಲಿ ಗಾಡಿಗಳೂ ಉಳಿದಿವೆ, ಮತ್ತೆ ನಷ್ಟವಾದದ್ದೇನು? ದಾಖಲೆಯಿಂದ ನಿಯಮ ತಿಳಿಯುತ್ತದೆ, ಅದರ ಬಗ್ಗೆ ತಕರಾರಿಲ್ಲ. ಮಸಿ ಕೂತು ಮಾಸಿದ ಹಳದಿ ಪಟ್ಟಿಯನ್ನು ಸಂಜೆ ಹೊತ್ತಿನಲ್ಲಿ ಬಿಳಿಯದರಿಂದ ಬೇರೆಯಾಗಿ ಗುರುತಿಸಲು ಆಗುತ್ತಿತ್ತೇ ಎಂಬುದು ಅದರಿಂದ ತಿಳಿಯುವುದಿಲ್ಲ. ಹೊಸ ಬಣ್ಣ ಬಳಿದು ದೀಪದ ಕೆಳಗೆ ನಿಲ್ಲಿಸಿದ ಗಾಡಿಯೂ ಅದನ್ನು ಹೇಳಲಾರದು. ಹಾಗಾದರೆ ಕಪ್ಪುಬಿಳುಪಿನ ಹಳೆಯ ಚಿತ್ರಗಳಿಗೇ ಕಂಪ್ಯೂಟರಿನಿಂದ ಬಣ್ಣ ತುಂಬಿದರೆ ಆಯಿತಲ್ಲ ಎನ್ನುವವರೂ ಇದ್ದಾರೆ. ಈ ಪರಿಹಾರವನ್ನು ನಾನು ಖಂಡಿತ ಒಪ್ಪಲಾರೆ. ಹಳೆಯ ಆರ್ಥೊಕ್ರೊಮ್ಯಾಟಿಕ್ ಫೋಟೊ ಪ್ಲೇಟಿಗೆ ಕೆಂಪು ಕಾಣುವುದೇ ಇಲ್ಲ, ಅದು ಕಪ್ಪಾಗಿ ಮೂಡುತ್ತದೆ. ನೀಲಿ ಇರುವುದಕ್ಕಿಂತ ಬೆಳ್ಳಗಾಗುತ್ತದೆ. ಮುಂದೆ ಬಂದ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಕೆಂಪೂ ಹಸಿರೂ ಒಂದೇ ಬೂದುಬಣ್ಣವಾಗಿ ಬೀಳಬಹುದು. ಬೂದುಬಣ್ಣದಲ್ಲಿ ಇಲ್ಲದ ಭೇದವನ್ನು ಯಂತ್ರ ಓದುವುದು ಸಾಧ್ಯವಿಲ್ಲ, ಊಹಿಸುವುದು ಸಾಧ್ಯ. ತಾನು ಕಲಿತ ಗ್ಲಾಸ್ಗೊ ಟ್ರಾಮುಗಳೆಲ್ಲ ಹಸಿರು ಪಟ್ಟಿಯವೇ ಆಗಿದ್ದರೆ, 1920ರ ಕೆಂಪು ಪಟ್ಟಿಗೂ ಅದು ಹಸಿರನ್ನೇ ಬಳಿಯುತ್ತದೆ. ಗೊತ್ತಿಲ್ಲ ಎಂದು ಪ್ರಾಮಾಣಿಕವಾಗಿ ಸುಮ್ಮನಿದ್ದ ಚಿತ್ರ ಆಗ ಸುಳ್ಳು ಹೇಳತೊಡಗುತ್ತದೆ, ಅದೂ ನೋಡುವವರು ಮರುಮಾತಿಲ್ಲದೆ ನಂಬುವ ಹಾಗೆ.

ಇಷ್ಟೆಲ್ಲ ಹೇಳಿದೆನೆಂದು ನಿಜವಾದ ಬಣ್ಣದ ಸ್ಲೈಡುಗಳನ್ನು ಹಗುರವಾಗಿ ಕಾಣುವಂತಿಲ್ಲ. ಅವುಗಳ ಸಂಪತ್ತು ಟ್ರಾಮಿನಲ್ಲಲ್ಲ, ಟ್ರಾಮಿನ ಹಿಂದಿನ ಗೋಡೆಯಲ್ಲಿದೆ. ಗ್ಲಾಸ್ಗೊದ ಹಳೆಯ ವಠಾರಗಳನ್ನು ಕಟ್ಟಿದ್ದು ಊರ ಸುತ್ತಮುತ್ತಲ ಗಣಿಗಳ ತಿಳಿಹಳದಿ ಮರಳುಗಲ್ಲಿನಿಂದ. 1890ರ ದಶಕದಿಂದೀಚೆಗೆ ದಕ್ಷಿಣದ ಡಮ್‌ಫ್ರೀಸ್ ಕಡೆಯಿಂದ ಕೆಂಪು ಮರಳುಗಲ್ಲು ರೈಲಿನಲ್ಲಿ ಬಂತು. ಕಪ್ಪುಬಿಳುಪು ಚಿತ್ರದಲ್ಲಿ ಕಪ್ಪಗಿರುವ ಗೋಡೆ ಕೆಂಪು ಕಲ್ಲಿನದೋ, ನೆರಳಿನಲ್ಲಿದೆಯೋ, ಮಸಿ ಹಿಡಿದದ್ದೋ ಹೇಳುವುದು ಕಷ್ಟ. ಬಣ್ಣದ ಸ್ಲೈಡಿನಲ್ಲಿ ಕಿಟಕಿಯ ಚಾಚಿನ ಕೆಳಗೆ ಮಳೆನೀರು ತಾಕದ ಜಾಗದಲ್ಲಿ ಮಸಿ ಗಟ್ಟಿಯಾಗಿ ಕೂತಿರುವುದು, ನೀರು ಹರಿದಲ್ಲಿ ಕಲ್ಲಿನ ಮೂಲ ಬಣ್ಣ ಇಣುಕುವುದು ಬೇರೆಬೇರೆಯಾಗಿ ಕಾಣುತ್ತದೆ. ಬ್ರಿಟನ್ನಿನಲ್ಲಿ ಈ ಮಸಿಯ ಹೊಗೆಗೆ ಕಡಿವಾಣ ಹಾಕುವ ಶುದ್ಧ ಗಾಳಿಯ ಕಾನೂನು ಬಂದದ್ದು 1956ರಲ್ಲಿ. ಗ್ಲಾಸ್ಗೊದ ಗಾರ್ಬಲ್ಸ್ ಪ್ರದೇಶದ ವಠಾರಗಳನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆ ಶುರುವಾದದ್ದೂ ಅದೇ ಹೊತ್ತಿಗೆ. ಉಳಿದ ಕಟ್ಟಡಗಳ ಮಸಿಯನ್ನು ಮುಂದಿನ ದಶಕಗಳಲ್ಲಿ ಉಜ್ಜಿ ತೆಗೆದರು. ಕೆಡವುವ ಮುನ್ನ, ಉಜ್ಜುವ ಮುನ್ನ ಆ ಗೋಡೆಗಳ ಬಣ್ಣ ಹೇಗಿತ್ತು ಎಂಬುದಕ್ಕೆ, ಟ್ರಾಮಿನ ಮೇಲಿನ ಮಮತೆಯಿಂದ ಬಿಸಿಲಿಗೆ ಕಾದು ನಿಂತ ಆ ಹವ್ಯಾಸಿಗಳ ಸ್ಲೈಡುಗಳಿಗಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಅಪರೂಪ.