ಟರ್ಬೊ ಕಾರಿಗೆ ‘ಕೋಲ್ಡ್ ಪ್ಲಗ್’ ಹಾಕಿಸಿದರೆ ಎಂಜಿನ್ ತಂಪಾಗುತ್ತದೆಯೇ?

“ಟರ್ಬೊ ಕಾರು ಇರುವವರು ತಪ್ಪದೇ ಓದಿ. ಕಂಪನಿ ಪ್ಲಗ್ ತೆಗೆಸಿ ಕೋಲ್ಡ್ ಇರಿಡಿಯಂ ಪ್ಲಗ್ ಹಾಕಿಸಿ. ಎಂಜಿನ್ ಬಿಸಿ ಆಗಲ್ಲ, ಪಿಕಪ್ ಡಬಲ್, ಮೈಲೇಜ್ ಜಾಸ್ತಿ.” ಈ ಧಾಟಿಯ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಕಾಲು ಭಾಗ ನಿಜವಿದೆ. ಆ ಕಾಲು ಭಾಗವೇ ಜನರನ್ನು ದಾರಿ ತಪ್ಪಿಸುವುದು.

ಮೊದಲು ಒಂದು ಮಾತು. ನಿಮ್ಮದು ಡೀಸೆಲ್ ಗಾಡಿಯಾದರೆ ಈ ಸಂದೇಶವನ್ನು ಅಲ್ಲೇ ಅಳಿಸಿ. ಡೀಸೆಲ್ ಎಂಜಿನ್‌ನಲ್ಲಿ ಟರ್ಬೊ ಇದ್ದರೂ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಅಲ್ಲಿರುವುದು ಗ್ಲೋ ಪ್ಲಗ್, ಅದರ ಕೆಲಸವೇ ಬೇರೆ.

ಪೆಟ್ರೋಲ್ ಕಾರಿನ ವಿಷಯಕ್ಕೆ ಬರೋಣ. ಸಾಮಾನ್ಯ ಎಂಜಿನ್ ಹೊರಗಿನ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಟರ್ಬೊ ಮತ್ತು ಸೂಪರ್‌ಚಾರ್ಜರ್ ಅದೇ ಗಾಳಿಯನ್ನು ಒತ್ತಿ ತುಂಬುತ್ತವೆ. ಟರ್ಬೊ ತಿರುಗುವುದು ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆಯಿಂದ, ಸೂಪರ್‌ಚಾರ್ಜರ್ ತಿರುಗುವುದು ಹೆಚ್ಚಾಗಿ ಎಂಜಿನ್‌ನ ಬೆಲ್ಟಿನಿಂದ. ನಮ್ಮಲ್ಲಿ ಸೂಪರ್‌ಚಾರ್ಜರ್ ಇರುವ ಗಾಡಿ ಅಪರೂಪ. ಹಳೆಯ ಮರ್ಸಿಡಿಸ್ ‘ಕೊಂಪ್ರೆಸರ್’ ಕಾರುಗಳು, ಕವಾಸಾಕಿಯ ಎಚ್2 ಬೈಕು ಅಂಥವು. ಟರ್ಬೊ ಪೆಟ್ರೋಲ್ ಹಾಗಲ್ಲ. ನೆಕ್ಸಾನ್, ವೆನ್ಯೂ, ಫ್ರಾಂಕ್ಸ್‌ನಂಥ ಕಾರುಗಳಿಂದಾಗಿ ಅದು ಗುಬ್ಬಿ, ಕಡಬದ ರಸ್ತೆಗಳಿಗೂ ಬಂದಿದೆ. ಪ್ಲಗ್ ಮಟ್ಟಿಗೆ ಎರಡರ ಲೆಕ್ಕವೂ ಒಂದೇ: ಒತ್ತಡ ಹೆಚ್ಚು, ಬಿಸಿ ಹೆಚ್ಚು.

ಈಗ ‘ಕೋಲ್ಡ್’ ಪದದ ಗೊಂದಲ. ಕೋಲ್ಡ್ ಪ್ಲಗ್ ಎಂಜಿನ್ನನ್ನು ತಂಪು ಮಾಡುವುದಿಲ್ಲ, ಅದು ರೇಡಿಯೇಟರ್ ಮತ್ತು ಕೂಲೆಂಟ್ ಕೆಲಸ. ಪ್ಲಗ್ ತನ್ನ ತುದಿಯ ಬಿಸಿಯನ್ನು ಎಷ್ಟು ಬೇಗ ಸಿಲಿಂಡರ್ ಹೆಡ್‌ಗೆ ದಾಟಿಸುತ್ತದೆ ಎಂಬುದಷ್ಟೇ ಆ ಹೆಸರಿನ ಅರ್ಥ. ತುದಿಯ ಬಿಳಿ ಪಿಂಗಾಣಿ ಗಿಡ್ಡವಾಗಿದ್ದರೆ ಬಿಸಿ ಬೇಗ ದಾಟುತ್ತದೆ, ಅದು ಕೋಲ್ಡ್. ಉದ್ದವಾಗಿದ್ದರೆ ನಿಧಾನ, ಅದು ಹಾಟ್.

ತುದಿಗೆ ಒಂದು ಹದ ಬೇಕು. ಸುಮಾರು 450–500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಮೇಲಿನ ಮಸಿ ತಾನೇ ಸುಟ್ಟುಹೋಗುತ್ತದೆ. 850 ದಾಟಿದರೆ ತುದಿಯೇ ಕೆಂಡದಂತಾಗಿ, ಕಿಡಿ ಬರುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಸ್ಫೋಟದ ಒತ್ತಡ ಅದನ್ನು ಕೆಳಕ್ಕೆ ನೂಕುತ್ತದೆ. ಪಿಸ್ಟನ್ ತೂತಾಗುವುದು ಹೀಗೆ. ಪ್ಲಗ್ಗಿನ ಖರ್ಚು ನೂರು, ಸಾವಿರದ ಲೆಕ್ಕ. ಎಂಜಿನ್ ಬಿಚ್ಚಿಸಿದರೆ ಲಕ್ಷದ ಲೆಕ್ಕ.

ಹಾಗಾದರೆ ಕೋಲ್ಡ್ ಹಾಕಿಸುವುದೇ ಕ್ಷೇಮವಲ್ಲವೇ? ಅಲ್ಲ. ಕಾರು ತಯಾರಿಸಿದವರು ಟರ್ಬೊದ ಬಿಸಿಯನ್ನು ಲೆಕ್ಕ ಹಾಕಿಯೇ ಪ್ಲಗ್ ಗೊತ್ತುಮಾಡಿರುತ್ತಾರೆ. ಅದಕ್ಕಿಂತ ಕೋಲ್ಡ್ ಹಾಕಿ, ಕಡಬದಿಂದ ಗುಬ್ಬಿಗೆ ಹೋಗಿ ಬರುವಷ್ಟರಲ್ಲೇ ಗಾಡಿ ನಿಲ್ಲಿಸುತ್ತಿದ್ದರೆ ಪ್ಲಗ್ ತುದಿ ಹದಕ್ಕೆ ಬರುವುದೇ ಇಲ್ಲ. ಮಸಿ ಕಟ್ಟುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಎಂಜಿನ್ ನಡುಗುತ್ತದೆ, ಮೈಲೇಜ್ ಏರುವ ಬದಲು ಇಳಿಯುತ್ತದೆ.

ಕೋಲ್ಡ್ ಪ್ಲಗ್ ನಿಜಕ್ಕೂ ಬೇಕಾಗುವುದು ಎಂಜಿನ್ನಿನ ಶಕ್ತಿಯನ್ನೇ ಹೆಚ್ಚಿಸಿದಾಗ. ಟರ್ಬೊ ಇಲ್ಲದ ಎಂಜಿನ್ನಿಗೆ ಹೊರಗಿನಿಂದ ಸೂಪರ್‌ಚಾರ್ಜರ್ ಕೂರಿಸಿದವರಿಗೆ, ಬೂಸ್ಟ್ ಬಹಳ ಏರಿಸಿದವರಿಗೆ ಇದು ಅಗತ್ಯ. ಪ್ಲಗ್ ತಯಾರಿಸುವ ಎನ್‌ಜಿಕೆ ಕಂಪನಿಯ ಅಂದಾಜು ಸೂತ್ರವೆಂದರೆ, 75ರಿಂದ 100 ಅಶ್ವಶಕ್ತಿ ಹೆಚ್ಚಿಸಿದರೆ ಒಂದು ಹಂತ ಕೋಲ್ಡ್. ನಮ್ಮ 1 ಲೀಟರ್ ಟರ್ಬೊ ಕಾರುಗಳ ಒಟ್ಟು ಶಕ್ತಿಯೇ ಸುಮಾರು 100ರಿಂದ 120. ಬೆಂಗಳೂರಿನಲ್ಲಿ ರೀಮ್ಯಾಪ್ ಮಾಡಿಸಿದ್ದರೆ ಮಾಡಿದವರನ್ನೇ ಕೇಳಿ. ಉಳಿದವರಿಗೆ ಕಂಪನಿ ಪ್ಲಗ್ಗೇ ಸರಿ.

ನಂಬರ್ ನೋಡಿ ಕೊಳ್ಳುವವರು ಮೋಸ ಹೋಗುವುದು ಇಲ್ಲಿ. ಎನ್‌ಜಿಕೆಯಲ್ಲಿ ನಂಬರ್ ಏರಿದಂತೆ ಕೋಲ್ಡ್: ಬಿಕೆಆರ್6ಇಗಿಂತ ಬಿಕೆಆರ್7ಇ ಕೋಲ್ಡ್. ಡೆನ್ಸೊ ಕೂಡ ಹೀಗೆಯೇ. ಬಾಷ್‌ನಲ್ಲಿ ಪೂರ್ತಿ ಉಲ್ಟಾ: ಡಬ್ಲ್ಯೂ7ಡಿಸಿಗಿಂತ ಡಬ್ಲ್ಯೂ5ಡಿಸಿ ಕೋಲ್ಡ್. “ಏಳು ಇಲ್ಲ ಸಾರ್, ಎಂಟು ಹಾಕ್ತೀನಿ, ಬೇರೆ ಕಂಪನಿದು” ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ.

ನಂಬರಿನಷ್ಟೇ ಮುಖ್ಯವಾದದ್ದು, ಫಾರ್ವರ್ಡ್‌ಗಳಲ್ಲಿ ಬರದೇ ಇರುವುದು, ಗ್ಯಾಪ್. ಗಾಳಿ ಒತ್ತಾದಷ್ಟೂ ಅದರ ಮೂಲಕ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಹಾಗಾಗಿ ಸಾಮಾನ್ಯ ಎಂಜಿನ್ನಿನಲ್ಲಿ 0.8ರಿಂದ 1.1 ಮಿ.ಮೀ. ಇರುವ ಗ್ಯಾಪ್, ಟರ್ಬೊದಲ್ಲಿ ಹೆಚ್ಚಾಗಿ 0.6ರಿಂದ 0.8ರ ಆಸುಪಾಸು ಇರುತ್ತದೆ. ಓವರ್‌ಟೇಕ್ ಮಾಡಲು ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಕಾರು ಜರ್ಕ್ ಹೊಡೆದರೆ, ಸವೆದು ಅಗಲವಾದ ಗ್ಯಾಪ್ ಮೇಲೆ ಮೊದಲು ಅನುಮಾನ ಪಡಿ. ಲಾರಿಯ ಪಕ್ಕದಲ್ಲಿದ್ದಾಗ ಹೀಗಾದರೆ ವಿಷಯ ಮೈಲೇಜಿನದ್ದಲ್ಲ, ಜೀವದ್ದು.

ಇರಿಡಿಯಂ ಒಳ್ಳೆಯದೇ. ಅದು ಕರಗುವುದು 2,446 ಡಿಗ್ರಿಯಲ್ಲಿ, ನಿಕಲ್ 1,455ರಲ್ಲಿ. ಆದ್ದರಿಂದ ತುದಿಯನ್ನು ತೆಳುವಾಗಿ ಮಾಡಬಹುದು, ಬಾಳಿಕೆಯೂ ಹೆಚ್ಚು. ಪಿಕಪ್ ಡಬಲ್ ಎಂಬುದು ಮಾತ್ರ ಸುಳ್ಳು. ಸವೆದ ಪ್ಲಗ್ ತೆಗೆದು ಹೊಸದು ಹಾಕಿದಾಗ ಗಾಡಿ ಹಗುರವಾಗಿ ಓಡುತ್ತದೆ, ಆ ಕೀರ್ತಿ ಇರಿಡಿಯಂ ಪಾಲಾಗುತ್ತದೆ. ‘ತಾಮ್ರದ ಪ್ಲಗ್’ ಎನ್ನುವುದರ ತುದಿಯೂ ತಾಮ್ರವಲ್ಲ, ನಿಕಲ್ ಮಿಶ್ರಲೋಹ. ತಾಮ್ರ ಇರುವುದು ಒಳಗಿನ ತಿರುಳಿನಲ್ಲಿ.

ಪ್ಲಗ್ ಬಿಚ್ಚಿ ಎಮರಿ ಪೇಪರಿನಲ್ಲಿ ಉಜ್ಜುವ ಅಭ್ಯಾಸ ನಮಗೆ ಬಂದದ್ದು ಆಯಿಲ್ ಬೆರೆಸಿದ ಪೆಟ್ರೋಲ್ ಕುಡಿಯುತ್ತಿದ್ದ ಟೂ-ಸ್ಟ್ರೋಕ್ ಮೊಪೆಡ್‌ಗಳ ಕಾಲದಿಂದ. ಬೆಂಗಳೂರಿನ ಒಂದು ಬಡಾವಣೆಗೇ ಹೆಸರು ಕೊಟ್ಟ ಮೈಕೋ ಕಂಪನಿಯ ಪ್ಲಗ್ಗುಗಳನ್ನು ಹಾಗೆ ಉಜ್ಜಿ ಬೆಳೆದ ತಲೆಮಾರು ಇನ್ನೂ ಗ್ಯಾರೇಜುಗಳಲ್ಲಿದೆ. ಇರಿಡಿಯಂ ಪ್ಲಗ್ಗಿಗೆ ಇದನ್ನು ಮಾಡಿಸಬೇಡಿ. ಕೂದಲಿನಷ್ಟು ನವುರಾದ ತುದಿ ಮುರಿಯಬಹುದು.

ಕೊಳ್ಳುವಾಗ ಓನರ್ಸ್ ಮ್ಯಾನ್ಯುಯಲ್‌ನಲ್ಲಿರುವ ಪೂರ್ತಿ ನಂಬರನ್ನು ಫೋಟೊ ತೆಗೆದುಕೊಂಡು ಹೋಗಿ. ನಕಲಿ ಪ್ಲಗ್ಗುಗಳೂ ಮಾರುಕಟ್ಟೆಯಲ್ಲಿವೆ, ಬಿಲ್ ಕೇಳಿ ಪಡೆಯಿರಿ. ಎಂಜಿನ್ ಪೂರ್ತಿ ಆರಿದ ಮೇಲೆಯೇ ಬಿಚ್ಚಿಸಿ. ಹೊಸ ಪ್ಲಗ್ಗನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ನಂತರ ಟಾರ್ಕ್ ರೆಂಚ್‌ನಿಂದ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಬಿಗಿ ಮಾಡಬೇಕು. ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಒಮ್ಮೆ ಕಿತ್ತುಬಂದರೆ, ಅದನ್ನು ಸರಿಮಾಡಿಸುವ ಖರ್ಚಿನಲ್ಲಿ ಹಲವು ಸೆಟ್ ಪ್ಲಗ್ ಬರುತ್ತವೆ.